ಇಳಿದ ಬೆಲೆ, ಇಳಿಯದ ಖರ್ಚು

ಹದಿನಾರು ಲಕ್ಷ ರೂಪಾಯಿ ಹೊಂದಿಸಿಕೊಂಡು ಕಾರು ಹುಡುಕಲು ಹೊರಟವರಿಗೆ ಬೆಂಗಳೂರಿನಲ್ಲಿ ಇವತ್ತು ಎರಡು ದಾರಿ ಕಾಣುತ್ತವೆ. ಒಂದು, ಮಧ್ಯಮ ಗಾತ್ರದ ಹೊಸ ಎಸ್‌ಯುವಿ. ಸೀಟಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ಕಿತ್ತಿರುವುದಿಲ್ಲ, ಕಂಪನಿಯ ವಾರಂಟಿ ಇರುತ್ತದೆ, ಹಾಸನದಲ್ಲಿ ಕೆಟ್ಟು ನಿಂತರೂ ಹುಬ್ಬಳ್ಳಿಯಲ್ಲಿ ಕೆಟ್ಟು ನಿಂತರೂ ನೋಡುವವರಿದ್ದಾರೆ. ಇನ್ನೊಂದು, ಆರೇಳು ವರ್ಷ ಓಡಿದ ಜರ್ಮನ್ ಸೆಡಾನ್. ಹೊಸದಾಗಿದ್ದಾಗ ಅದರ ಬೆಲೆ ನಲವತ್ತು ಲಕ್ಷದ ಮೇಲಿತ್ತು. ಇನ್ನೂರೈವತ್ತು ಅಶ್ವಶಕ್ತಿಯ ಟರ್ಬೊ ಪೆಟ್ರೋಲ್ ಇಂಜಿನ್ನು, ಆರು ಸೆಕೆಂಡಿನ ಆಸುಪಾಸಿನಲ್ಲಿ ನೂರು ಕಿಲೋಮೀಟರ್ ವೇಗ, ತಿರುವಿನಲ್ಲಿ ಕೈಗೆ ನೇರ ಮಾತಾಡುವ ಸ್ಟಿಯರಿಂಗು. ‘ನಲವತ್ತು ಲಕ್ಷದ ಕಾರು ಹದಿನಾರಕ್ಕೆ ಸಿಗ್ತಿದೆ ಸಾರ್’ ಎಂದು ಮಾರುವವರು ಹೇಳುವ ಮಾತಿನಲ್ಲಿ ಸುಳ್ಳೇನೂ ಇಲ್ಲ. ಆದರೆ ಅದು ಅರ್ಧ ಲೆಕ್ಕ. ಕಾರಿನ ಬೆಲೆ ಇಳಿದಿದೆ ನಿಜ, ಅದರ ಬ್ರೇಕ್ ಡಿಸ್ಕಿನ ಬೆಲೆ ಇಳಿದಿಲ್ಲ, ಗೇರ್‌ಬಾಕ್ಸಿನ ಬೆಲೆ ಇಳಿದಿಲ್ಲ, ಹೆಡ್‌ಲ್ಯಾಂಪಿನ ಬೆಲೆ ಇಳಿದಿಲ್ಲ. ಹದಿನಾರು ಲಕ್ಷ ಕೊಟ್ಟವರು ಕೀಲಿಕೈಯ ಜೊತೆಗೆ ನಲವತ್ತು ಲಕ್ಷದ ಕಾರಿನ ಖರ್ಚನ್ನೂ ಮನೆಗೆ ತರುತ್ತಾರೆ.

ಇಂಥ ಕಾರುಗಳ ಬಗ್ಗೆ ನಮ್ಮ ಜನ ‘ತಗೊಳ್ಳೋದು ಸುಲಭ, ಸಾಕೋದು ಕಷ್ಟ’ ಎನ್ನುತ್ತಾರೆ. ದನಕರುಗಳಿಗೆ ಬಳಸುವ ‘ಸಾಕು’ ಎಂಬ ಕ್ರಿಯಾಪದವನ್ನು ಯಂತ್ರಕ್ಕೂ ಬಳಸಿದ ಈ ಮಾತಿನಲ್ಲಿ ಒಂದು ಸರಿಯಾದ ಅರ್ಥಶಾಸ್ತ್ರವಿದೆ. ಹಸುವನ್ನು ಸಂತೆಯಲ್ಲಿ ಅಗ್ಗಕ್ಕೆ ತಂದಿರೆಂದು ಹಿಂಡಿ ಬೂಸದ ಅಂಗಡಿಯವನು ಅಗ್ಗಕ್ಕೆ ಕೊಡುವುದಿಲ್ಲ. ಎಷ್ಟು ತಿನ್ನುತ್ತದೆ ಎಂಬುದನ್ನು ಹಸುವಿನ ಮೈಕಟ್ಟು ಹೇಳುತ್ತದೆ, ಕೊಂಡ ಬೆಲೆ ಹೇಳುವುದಿಲ್ಲ. ನನ್ನ ವಾದ ಇದರಿಂದ ಒಂದು ಹೆಜ್ಜೆ ಮುಂದಕ್ಕಿದೆ. ಹಳೆಯ ಪರ್ಫಾರ್ಮೆನ್ಸ್ ಕಾರಿನ ವರ್ಷದ ಸರಾಸರಿ ಖರ್ಚು ಜನ ಹೆದರುವಷ್ಟು ಭಯಂಕರವಲ್ಲ. ಅಪಾಯ ಇರುವುದು ಆ ಖರ್ಚು ಬರುವ ರೀತಿಯಲ್ಲಿ. ಅದು ತಿಂಗಳು ತಿಂಗಳು ಸಮನಾಗಿ ಬರುವುದಿಲ್ಲ, ಯಾವುದೋ ಒಂದು ತಿಂಗಳು ಗಂಟಾಗಿ ಬಂದು ಕೂರುತ್ತದೆ. ಹಾಗಾಗಿ ಇಂಥ ಕಾರನ್ನು ತೂಗಿ ನೋಡುವವರು ಕೇಳಬೇಕಾದ ಮೊದಲ ಪ್ರಶ್ನೆ ‘ಕಾರು ಎಷ್ಟಕ್ಕೆ’ ಎಂಬುದಲ್ಲ, ‘ಕೊಂಡ ಮರುದಿನ ಕೈಯಲ್ಲಿ ಎಷ್ಟು ಉಳಿದಿರುತ್ತದೆ’ ಎಂಬುದು.

ಆದರೆ ನಮ್ಮಲ್ಲಿ ಮೊದಲು ಕೇಳುವ ಪ್ರಶ್ನೆ ‘ಎಷ್ಟು ಕೊಡುತ್ತೆ?’ ಮೈಲೇಜಿನ ಪ್ರಶ್ನೆಯನ್ನು ಬೇಗ ಮುಗಿಸಿಬಿಡೋಣ, ಏಕೆಂದರೆ ಇಲ್ಲಿ ಅದಕ್ಕೆ ಅಷ್ಟು ತೂಕವಿಲ್ಲ. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಓಡಿಸುತ್ತೀರಿ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಈ ಕಾರು ಲೀಟರಿಗೆ 8 ಕಿಲೋಮೀಟರ್ ಕೊಡುತ್ತದೆ ಎಂದಿಟ್ಟುಕೊಳ್ಳಿ. 1,250 ಲೀಟರ್ ಬೇಕು. ಲೀಟರಿಗೆ 103 ರೂಪಾಯಿಯಂತೆ ಹಿಡಿದರೆ ಸುಮಾರು 1.29 ಲಕ್ಷ. ಲೀಟರಿಗೆ 13 ಕೊಡುವ ಸಾಮಾನ್ಯ ಪೆಟ್ರೋಲ್ ಎಸ್‌ಯುವಿಗೆ ಸುಮಾರು 79 ಸಾವಿರ. ವ್ಯತ್ಯಾಸ ಐವತ್ತು ಸಾವಿರ. ಇದರ ಮೇಲೆ ಒಂದು ಸಣ್ಣ ಹೊರೆಯಿದೆ. ಅದು ಎಥನಾಲ್. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಏಪ್ರಿಲ್ 2023ಕ್ಕೆ ಮುಂಚಿನ ಕಾರುಗಳು ಸಾಮಾನ್ಯವಾಗಿ ಇ20ಗೆಂದು ತಯಾರಾದವಲ್ಲ. ಇ0ಗೆ ವಿನ್ಯಾಸಗೊಂಡು ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇ20ಯಿಂದ ಶೇ 6ರಿಂದ 7ರಷ್ಟು ಮೈಲೇಜು ಕಡಿಮೆಯಾಗಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಅಂದರೆ ವರ್ಷಕ್ಕೆ ಇನ್ನೊಂದು ಎಂಟರಿಂದ ಹತ್ತು ಸಾವಿರ. ಎಲ್ಲ ಸೇರಿದರೂ ಪೆಟ್ರೋಲಿನ ಹೆಚ್ಚುವರಿ ಖರ್ಚು ಒಂದು ಮಧ್ಯಮ ರಿಪೇರಿಯ ಬಿಲ್ಲನ್ನು ಮುಟ್ಟುವುದಿಲ್ಲ. ಮೈಲೇಜಿಗೆ ಹೆದರಿ ಇಂಥ ಕಾರನ್ನು ಬಿಟ್ಟವರೂ, ಮೈಲೇಜು ಪರವಾಗಿಲ್ಲ ಎಂದುಕೊಂಡು ಕೊಂಡವರೂ ತಪ್ಪು ಜಾಗದಲ್ಲಿ ಅಳೆದವರೇ.

ಸರ್ಕಾರದ ಲೆಕ್ಕ ನೋಡಿ. ಕರ್ನಾಟಕದಲ್ಲಿ ಇಪ್ಪತ್ತು ಲಕ್ಷಕ್ಕಿಂತ ಮೇಲಿನ ಕಾರಿಗೆ ಜೀವಾವಧಿ ತೆರಿಗೆ ಶೇ 18, ಆ ತೆರಿಗೆಯ ಮೇಲೆ ಶೇ 11 ಸೆಸ್. ನಲವತ್ತು ಲಕ್ಷದ ಕಾರಿಗೆ ಇದು ಹತ್ತಿರಹತ್ತಿರ ಎಂಟು ಲಕ್ಷ. ಇಲ್ಲೇ ನೋಂದಣಿಯಾದ ಕಾರು ಕೊಂಡರೆ ಈ ಹಣವನ್ನು ಮೊದಲ ಮಾಲೀಕರು ಕಟ್ಟಿರುತ್ತಾರೆ; ಎರಡನೆಯವರಿಗೆ ಅದು ನಿಜವಾದ ಲಾಭ. ಆದರೆ ದೆಹಲಿಯಿಂದಲೋ ಪುದುಚೇರಿಯಿಂದಲೋ ಬಂದ ಕಾರು ಮೂರು ಲಕ್ಷ ಅಗ್ಗಕ್ಕೆ ಕಂಡರೆ ಅಲ್ಲಿ ನಿಂತು ಯೋಚಿಸಬೇಕು. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದ ವಾಹನವನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಟ್ಟುಕೊಂಡರೆ ಇಲ್ಲಿನ ನೋಂದಣಿ ಮಾಡಿಸಲೇಬೇಕು. ಆಗ ಕಟ್ಟುವ ತೆರಿಗೆಗೆ ಕಾರಿನ ವಯಸ್ಸು ನೋಡಿ ರಿಯಾಯಿತಿ ಇದೆ ನಿಜ, ಆದರೆ ಅದನ್ನು ಲೆಕ್ಕ ಹಾಕುವುದು ಕಾರಿನ ಮೂಲ ಬೆಲೆಯ ಮೇಲೆ, ನೀವು ಕೊಟ್ಟ ಹದಿನಾರು ಲಕ್ಷದ ಮೇಲಲ್ಲ. ರಿಯಾಯಿತಿ ಅರ್ಧದಷ್ಟು ಸಿಕ್ಕಿತು ಎಂದುಕೊಂಡರೂ ನಾಲ್ಕು ಲಕ್ಷ. ಅಗ್ಗದ ಮೂರು ಲಕ್ಷ ಅಲ್ಲಿಗೇ ಕರಗಿತು. ತೆರಿಗೆ ಕಟ್ಟದೆ ಓಡುವ ಹೊರರಾಜ್ಯದ ಐಷಾರಾಮಿ ಕಾರುಗಳನ್ನು 2025ರಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಸಾಲುಸಾಲಾಗಿ ವಶಪಡಿಸಿಕೊಂಡದ್ದನ್ನು ನೆನಪಿಟ್ಟುಕೊಂಡರೆ, ‘ಯಾರೂ ಹಿಡಿಯಲ್ಲ ಬಿಡಿ’ ಎಂಬ ಏಜೆಂಟರ ಸಮಾಧಾನಕ್ಕೆ ಬೆಲೆ ಇಲ್ಲ. ಪೂರ್ತಿ ತಯಾರಾಗಿ ಹೊರದೇಶದಿಂದ ಬಂದ ಕಾರುಗಳಿಗೆ ಇನ್ನೊಂದು ದೂರದ ಬಿಲ್ಲು ಕಾದಿದೆ. ಹದಿನೈದು ವರ್ಷ ತುಂಬಿದ ಮೇಲೆ ನೋಂದಣಿ ನವೀಕರಿಸಲು 2022ರಿಂದ ಸಾಮಾನ್ಯ ಕಾರಿಗೆ 5,000 ರೂಪಾಯಿಯಾದರೆ, ಆಮದು ಕಾರಿಗೆ 40,000.

ವಿಮೆಯ ಕಂತು ದೊಡ್ಡ ಹೊರೆಯಲ್ಲ. 1500 ಸಿಸಿ ಮೀರಿದ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ 2022ರಲ್ಲಿ ನಿಗದಿಯಾದಂತೆ ವರ್ಷಕ್ಕೆ 7,897 ರೂಪಾಯಿ, ಮೇಲೆ ಜಿಎಸ್‌ಟಿ. ಏಟು ಬೀಳುವುದು ಕ್ಲೇಮಿನ ಹೊತ್ತಿಗೆ. ಪ್ಲಾಸ್ಟಿಕ್ ಮತ್ತು ರಬ್ಬರಿನ ಭಾಗಗಳಿಗೆ, ಕಾರು ಎಷ್ಟೇ ಹೊಸದಿರಲಿ, ವಿಮೆಯವರು ಅರ್ಧ ಬೆಲೆ ಕಳೆದೇ ಕೊಡುವುದು; ಐದು ವರ್ಷ ಮೀರಿ ಹತ್ತರೊಳಗಿನ ಕಾರಿನ ಲೋಹದ ಭಾಗಗಳಿಗೆ ಶೇ 40 ಕಳೆಯುತ್ತಾರೆ. ಈ ಕಡಿತವನ್ನು ತಪ್ಪಿಸುವ ‘ಜೀರೊ ಡೆಪ್’ ರಕ್ಷಣೆ ಹೆಚ್ಚಾಗಿ ಐದು ವರ್ಷದೊಳಗಿನ ಕಾರುಗಳಿಗೆ ಸಿಗುವಂಥದ್ದು, ಮುಂದಕ್ಕೆ ಕೊಡುವ ಕಂಪನಿಗಳು ಕೆಲವೇ. ಒಂದು ಎಲ್ಇಡಿ ಹೆಡ್‌ಲ್ಯಾಂಪಿಗೆ ಲಕ್ಷದ ಲೆಕ್ಕದಲ್ಲಿ ಮಾತಾಡುವ ಕಾರಿನಲ್ಲಿ ಅರ್ಧ ಕಳೆಯುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಹಿಂದಿನ ಮಾಲೀಕರ ನೋ ಕ್ಲೇಮ್ ಬೋನಸ್ ಕಾರಿನ ಜೊತೆ ಬರುವುದಿಲ್ಲ, ಅದು ಅವರದ್ದು. ಮಳೆನೀರು ಇಂಜಿನ್ನಿನೊಳಗೆ ಹೊಕ್ಕು ಹಿಡಿದುಕೊಂಡರೆ ಇಂಜಿನ್ ರಕ್ಷಣೆಯನ್ನು ಹೆಚ್ಚುವರಿಯಾಗಿ ಸೇರಿಸಿಕೊಳ್ಳದವರಿಗೆ ಇಂಜಿನ್ನಿನ ರಿಪೇರಿಗೆ ಸಾಮಾನ್ಯ ವಿಮೆಯಿಂದ ಹೆಚ್ಚಾಗಿ ಹಣ ಬಾರದು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬೇಸ್‌ಮೆಂಟುಗಳಲ್ಲಿ ಮುಳುಗಿದ ಕಾರುಗಳು ಎಲ್ಲವೂ ಗುಜರಿಗೆ ಹೋಗಲಿಲ್ಲ. ತೊಳೆದು ಒಣಗಿಸಿದ ಕಾರು ಹೊರನೋಟಕ್ಕೆ ಹೊಸದರಂತೆಯೇ ಇರುತ್ತದೆ; ಅದರ ವೈರಿಂಗು ಮಾತ್ರ ಎರಡು ವರ್ಷದ ಮೇಲೆ ಮಾತಾಡಲು ಶುರುಮಾಡುತ್ತದೆ.

ಈಗ ಯಂತ್ರಕ್ಕೆ ಬರೋಣ. ಲೆಕ್ಕದ ಹೂರಣ ಇರುವುದು ಇಲ್ಲೇ. ವೇಗದ ಕಾರೆಂದರೆ ಮೊದಲು ನಿಲ್ಲಬಲ್ಲ ಕಾರು. ದೊಡ್ಡ ಡಿಸ್ಕು, ಮೃದುವಾದ ಪ್ಯಾಡು, ರಸ್ತೆಗೆ ಅಂಟಿಕೊಳ್ಳುವ ಮೆತ್ತನೆಯ ರಬ್ಬರಿನ ಟೈರು. ಚೆನ್ನಾಗಿ ಹಿಡಿಯುವುದೆಲ್ಲ ಬೇಗ ಸವೆಯುತ್ತದೆ. ಹಿಡಿತ, ಬಾಳಿಕೆ ಎರಡನ್ನೂ ಒಟ್ಟಿಗೆ ಪೂರ್ತಿ ಕೊಡುವ ರಬ್ಬರನ್ನು ಇನ್ನೂ ಯಾರೂ ಮಾಡಿಲ್ಲ. ಎಸ್‌ಯುವಿಯ ದಪ್ಪ ಟೈರು ಐವತ್ತು ಸಾವಿರ ಕಿಲೋಮೀಟರ್ ಬರುವ ಕಡೆ ಇವು ಮೂವತ್ತು ಸಾವಿರ ಬಂದರೆ ಹೆಚ್ಚು. ಜೊತೆಗೆ ನಮ್ಮ ರಸ್ತೆಗುಂಡಿಗಳು. 225/40 ಅಳತೆಯ ಹದಿನೆಂಟು ಇಂಚಿನ ಟೈರಿನ ಪಕ್ಕದ ಗೋಡೆ ಕೇವಲ ಒಂಬತ್ತು ಸೆಂಟಿಮೀಟರ್ ಎತ್ತರ. ಗುಂಡಿಗೆ ಬಿದ್ದ ಏಟನ್ನು ರಬ್ಬರು ನುಂಗುವುದಿಲ್ಲ, ರಿಮ್ಮಿಗೆ ದಾಟಿಸುತ್ತದೆ. ರಿಮ್ಮು ಬಾಗುತ್ತದೆ, ಅಥವಾ ಪಕ್ಕದ ಗೋಡೆ ಉಬ್ಬಿಕೊಳ್ಳುತ್ತದೆ. ಬಿಎಂಡಬ್ಲ್ಯು ಕಾರುಗಳಲ್ಲಿ ಸಾಮಾನ್ಯವಾದ ರನ್‌ಫ್ಲಾಟ್ ಟೈರುಗಳಿಗೆ ಬೆಲೆ ಇನ್ನೂ ಹೆಚ್ಚು, ಬದಲಿ ಚಕ್ರವೂ ಬಹಳಷ್ಟು ಕಾರುಗಳಲ್ಲಿ ಇರುವುದಿಲ್ಲ. ಬುಷ್ಷು, ಕಂಟ್ರೋಲ್ ಆರ್ಮು, ಶಾಕ್ ಅಬ್ಸಾರ್ಬರುಗಳೂ ಯುರೋಪಿನ ನುಣುಪು ರಸ್ತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ನಮ್ಮ ರೋಡ್ ಹಂಪುಗಳ ಮೇಲೆ ಅವುಗಳ ಆಯುಸ್ಸು ಕಡಿಮೆ.

ಗೇರ್‌ಬಾಕ್ಸಿನ ಮಾತು ಸ್ವಲ್ಪ ವಿವರವಾಗಿ ಆಡಬೇಕು, ಏಕೆಂದರೆ ಅತಿ ದೊಡ್ಡ ಬಿಲ್ಲುಗಳು ಅಲ್ಲೇ ಹುಟ್ಟುತ್ತವೆ. ಫೋಕ್ಸ್‌ವ್ಯಾಗನ್ ಬಳಗದ ಡಿಎಸ್‌ಜಿ ಎಂದರೆ ಜನ ಒಂದೇ ಎಂದುಕೊಳ್ಳುತ್ತಾರೆ. ಒಳಗೆ ಎರಡು ಜಾತಿಗಳಿವೆ. ಪೋಲೊ ಜಿಟಿ ಟಿಎಸ್‌ಐ, ಆಕ್ಟೇವಿಯಾ 1.8ರಂಥ ಕಾರುಗಳಲ್ಲಿದ್ದ ಏಳು ಗೇರಿನ ಡಿಕ್ಯೂ200 ಒಣ ಕ್ಲಚ್ಚಿನದು. ನಿಂತು ನಿಂತು ತೆವಳುವ ಟ್ರಾಫಿಕ್ಕು, ಮೇಲೆ ಬಿಸಿಲು. ಕ್ಲಚ್ಚಿನ ಬಿಸಿ ಇಳಿಸಲು ಎಣ್ಣೆಯ ಸ್ನಾನವಿಲ್ಲ. ಅದರ ನಿಯಂತ್ರಣ ಘಟಕವಾದ ಮೆಕಾಟ್ರಾನಿಕ್ ಕೆಡುವುದು ಜಗತ್ತಿನ ಹಲವೆಡೆ ಕಂಡ ಸಮಸ್ಯೆ. ಡಿಎಸ್‌ಜಿ ದೋಷದ ಕಾರಣಕ್ಕೆ 2013ರಲ್ಲಿ ಚೀನಾ ಒಂದರಲ್ಲೇ 3.8 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಕಂಪನಿ ಹಿಂದಕ್ಕೆ ಕರೆಸಿಕೊಂಡಿತ್ತು. 2017ರ ಆಕ್ಟೇವಿಯಾ ಆರ್‌ಎಸ್‌ನಲ್ಲಿರುವ ಆರು ಗೇರಿನ ಡಿಕ್ಯೂ250 ಎಣ್ಣೆಯಲ್ಲಿ ಮುಳುಗಿರುವ ಒದ್ದೆ ಕ್ಲಚ್ಚಿನದು, ಹೆಚ್ಚು ಗಟ್ಟಿ. ಆದರೆ ಪ್ರತಿ 60,000 ಕಿಲೋಮೀಟರಿಗೆ ಅದರ ಎಣ್ಣೆ ಮತ್ತು ಫಿಲ್ಟರ್ ಬದಲಿಸಲೇಬೇಕು. ಬಿಎಂಡಬ್ಲ್ಯು ಬಳಸುವ ಝಡ್‌ಎಫ್ ಎಂಟು ಗೇರಿನ ಪೆಟ್ಟಿಗೆ ಒಳ್ಳೆಯ ಹೆಸರಿನದು. ಕಾರು ಕಂಪನಿ ಅದರ ಎಣ್ಣೆಯನ್ನು ಆಯುಷ್ಯಪೂರ್ತಿ ಬಾಳುವುದೆಂದು ಹೇಳುತ್ತಾ ಬಂದಿದೆ. ಪೆಟ್ಟಿಗೆಯನ್ನು ತಯಾರಿಸುವ ಝಡ್‌ಎಫ್ ಮಾತ್ರ ಎಂಬತ್ತು ಸಾವಿರದಿಂದ ಒಂದು ಲಕ್ಷ ಇಪ್ಪತ್ತು ಸಾವಿರ ಕಿಲೋಮೀಟರಿನೊಳಗೆ ಬದಲಿಸಿ ಎನ್ನುತ್ತದೆ. ಹೊಸ ಕಾರನ್ನು ಕೊಂಡು ಐದು ವರ್ಷಕ್ಕೆ ಮಾರುವವರಿಗೆ ಕಾರು ಕಂಪನಿಯ ಮಾತು ಸಾಕು. ಎರಡನೆಯ ಮಾಲೀಕರು ನಂಬಬೇಕಾದ್ದು ಝಡ್‌ಎಫ್‌ನ ಮಾತನ್ನು.

ಇಂಜಿನ್ನುಗಳಿಗೂ ಅವುಗಳದೇ ಜಾತಕವಿದೆ. 2012ರ ನಂತರದ ಕೆಲವು ವರ್ಷ 3 ಸೀರೀಸಿನ 320ಐ, 328ಐಗಳಲ್ಲಿ ಬಂದ ಎನ್20 ಇಂಜಿನ್ನಿನಲ್ಲಿ ಟೈಮಿಂಗ್ ಚೈನಿನ ಪ್ಲಾಸ್ಟಿಕ್ ಗೈಡು ಒಡೆದರೆ ಇಂಜಿನ್ನೇ ಹೋದಂತೆ. ಆಮೇಲಿನ 330ಐಯಲ್ಲಿ ಬೇರೆ ಇಂಜಿನ್ನಿದೆ. ಸ್ಕೋಡಾ, ಫೋಕ್ಸ್‌ವ್ಯಾಗನ್, ಔಡಿಗಳ ಇಎ888 ಇಂಜಿನ್ನಿನ ವಾಟರ್ ಪಂಪು ಮತ್ತು ಥರ್ಮೋಸ್ಟಾಟಿನ ಪ್ಲಾಸ್ಟಿಕ್ ಕವಚ ವರ್ಷಗಳ ಬಿಸಿಗೆ ಬಿರುಕು ಬಿಟ್ಟು ಕೂಲೆಂಟ್ ಸೋರುತ್ತದೆ. ಪೆಟ್ರೋಲನ್ನು ನೇರ ಸಿಲಿಂಡರಿನೊಳಗೆ ಚಿಮ್ಮಿಸುವ ಇಂಜಿನ್ನುಗಳಲ್ಲಿ ವಾಲ್ವಿನ ಬೆನ್ನಿಗೆ ಕರಿ ಕಟ್ಟಿಕೊಳ್ಳುತ್ತದೆ. ಅಕ್ರೋಟು ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ಅದನ್ನು ಉದುರಿಸಬೇಕು. ಇವು ಯಾವುವೂ ಅಪರೂಪದ ಕಾಯಿಲೆಗಳಲ್ಲ, ಇಂತಿಷ್ಟು ಓಡಿದ ಮೇಲೆ ಬರುವಂಥವೇ. ಎಪ್ಪತ್ತು ದಾಟಿದವರಿಗೆ ಕಣ್ಣಿನ ಪೊರೆ ಬಂದರೆ ಯಾರೂ ಆಶ್ಚರ್ಯಪಡುವುದಿಲ್ಲವಲ್ಲ, ಹಾಗೆ.

ಇದರಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಡಿಎಸ್‌ಜಿ ಎಣ್ಣೆ, ಸ್ಪಾರ್ಕ್ ಪ್ಲಗ್ಗು, ಎರಡನೆಯ ಜೊತೆ ಟೈರು, ಬ್ರೇಕ್ ಡಿಸ್ಕು, ಮೊದಲ ಸುತ್ತಿನ ಬುಷ್ಷುಗಳು ಎಲ್ಲವೂ ಐವತ್ತರಿಂದ ಎಪ್ಪತ್ತು ಸಾವಿರ ಕಿಲೋಮೀಟರಿನ ನಡುವೆ ಒಟ್ಟಿಗೆ ಬರುತ್ತವೆ. ವಾರಂಟಿ ಅಷ್ಟು ಹೊತ್ತಿಗೆ ಮುಗಿದಿರುತ್ತದೆ. ಮಾರಾಟಕ್ಕೆ ಬರುವ ಇಂಥ ಕಾರುಗಳ ಮೀಟರಿನಲ್ಲಿ ಹೆಚ್ಚಾಗಿ ಕಾಣುವ ಅಂಕಿಯೂ ಇದೇ. ಮಾರುವವರೆಲ್ಲ ಮೋಸಗಾರರೆಂದು ಇದರ ಅರ್ಥವಲ್ಲ. ದೊಡ್ಡ ಖರ್ಚು ಎದುರಿಗೆ ಕಂಡಾಗ ವಸ್ತುವನ್ನು ದಾಟಿಸುವುದು ಯಾರಿಗಾದರೂ ತೋಚುವ ಲೆಕ್ಕ. ಆದರೆ ಆ ಲೆಕ್ಕದ ಇನ್ನೊಂದು ತುದಿಯಲ್ಲಿ ನಿಂತವರು ಕೊಳ್ಳುವವರು. ಹಾಗಾಗಿ ಎರಡನೆಯ ಮಾಲೀಕರಿಗೆ ದೊಡ್ಡ ಬಿಲ್ಲು ಬರುವ ಸಾಧ್ಯತೆ ಐದು ವರ್ಷಕ್ಕೆ ಸಮನಾಗಿ ಹಂಚಿಕೊಂಡಿರುವುದಿಲ್ಲ. ಮೊದಲ ವರ್ಷದಲ್ಲೇ ಅದು ಹೆಚ್ಚು. ಕಾರು ಕೊಳ್ಳಲು ಉಳಿತಾಯವೆಲ್ಲ ಬರಿದಾಗಿರುವ ವರ್ಷವೂ ಅದೇ.

ಅಪರೂಪದ ಕಾರುಗಳಿಗೆ ಈ ಲೆಕ್ಕ ಇನ್ನೂ ಬಿಗಿ. ಫೋಕ್ಸ್‌ವ್ಯಾಗನ್ ಪೋಲೊ ಜಿಟಿಐ 2016ರ ನವೆಂಬರಿನಲ್ಲಿ 25.99 ಲಕ್ಷಕ್ಕೆ ಬಂತು. ಭಾರತಕ್ಕೆಂದು ತಂದದ್ದು 99 ಕಾರು. ಭಾರತದಲ್ಲೇ, ಚಾಕಣದ ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಾದ ಪೋಲೊ ಐದು ಬಾಗಿಲಿನದು, ಜಿಟಿಐ ಮೂರು ಬಾಗಿಲಿನದು. ಬೀದಿಬೀದಿಯಲ್ಲಿ ಪೋಲೊ ಕಂಡರೂ ಜಿಟಿಐಯ ಬಾಗಿಲಿಗೆ ಪೆಟ್ಟಾದರೆ ಬಿಡಿಭಾಗಗಳಿಗೆ ಹೆಸರಾದ ಬೆಂಗಳೂರಿನ ಜೆ.ಸಿ. ರಸ್ತೆಯ ಯಾವ ಅಂಗಡಿಯೂ ನೆರವಿಗೆ ಬಾರದು. ಅದು ಹಡಗಿನಲ್ಲೋ ವಿಮಾನದಲ್ಲೋ ಬರಬೇಕು. ಇದಕ್ಕೆ ಹೋಲಿಸಿದರೆ 2017ರಲ್ಲಿ 24.62 ಲಕ್ಷಕ್ಕೆ ಬಂದ ಆಕ್ಟೇವಿಯಾ ಆರ್‌ಎಸ್ ಜಾಣತನದ ಆಯ್ಕೆ. 230 ಅಶ್ವಶಕ್ತಿಯ ಇಂಜಿನ್ನು, ಬಂಪರು, ಬ್ರೇಕು ಅದರದ್ದೇ ಆದರೂ ಬಾಗಿಲು, ಗಾಜು, ಒಳಗಿನ ನೂರಾರು ಬಿಡಿಭಾಗಗಳು ಇಲ್ಲಿ ತುಂಬ ಓಡಿದ ಸಾಮಾನ್ಯ ಆಕ್ಟೇವಿಯಾದವೇ. 2020ರಲ್ಲಿ ಬಂದ ಆರ್‌ಎಸ್ 245 ಕೇವಲ 200, ಬೆಲೆ 35.99 ಲಕ್ಷ, ಪೂರ್ತಿ ಆಮದು. ಅಗ್ಗದಲ್ಲಿ ಕೊಳ್ಳಬಲ್ಲ ವೇಗಕ್ಕೆ ನಮ್ಮಲ್ಲಿ ಒಳ್ಳೆಯ ಉದಾಹರಣೆ ಅಬಾರ್ತ್ ಪುಂಟೊ. 2015ರಲ್ಲಿ 9.95 ಲಕ್ಷಕ್ಕೆ 145 ಅಶ್ವಶಕ್ತಿ ಕೊಟ್ಟ ಈ ಕಾರು ಇಂದಿಗೂ ಪ್ರೀತಿಸುವವರನ್ನು ಇಟ್ಟುಕೊಂಡಿದೆ. ಆದರೆ ಫಿಯೆಟ್ 2019ರ ಹೊತ್ತಿಗೆ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸಿತು. ತವರು ಮುಚ್ಚಿದ ಕಾರನ್ನು ಸಾಕುವವರು ಹಣದ ಜೊತೆಗೆ ಹುಡುಕಾಟವನ್ನೂ ಒಂದು ಖರ್ಚಾಗಿ ಬರೆದುಕೊಳ್ಳಬೇಕು.

ಇಷ್ಟಾದ ಮೇಲೆ ಒಂದು ಪಟ್ಟಿ ಹಾಕಿ ನೋಡೋಣ. ಅಂಕಿಗಳು ತೂಕಕ್ಕೆಂದು ನಾನು ಹಿಡಿದವು. ನಿಮ್ಮ ಕಾರಿಗೆ ನಿಮ್ಮ ಅಂಕಿ ಹಾಕಿಕೊಳ್ಳಿ. ಹದಿನಾರು ಲಕ್ಷದ ಹಳೆಯ ಸೆಡಾನಿಗೆ ವರ್ಷಕ್ಕೆ ಪೆಟ್ರೋಲ್ 1.29 ಲಕ್ಷ, ವಿಮೆ 45 ಸಾವಿರ, ವಾಡಿಕೆಯ ಸರ್ವಿಸ್ 35 ಸಾವಿರ. ಟೈರು ಮತ್ತು ಬ್ರೇಕನ್ನು ಅವುಗಳ ಆಯುಸ್ಸಿಗೆ ಹಂಚಿದರೆ 43 ಸಾವಿರ. ಐದು ವರ್ಷಕ್ಕೆ ಎಂಟೂವರೆ ಲಕ್ಷಕ್ಕೆ ಮಾರಿದರೆ ಬೆಲೆ ಕುಸಿತ ವರ್ಷಕ್ಕೆ ಒಂದೂವರೆ ಲಕ್ಷ. ಐದು ವರ್ಷದಲ್ಲಿ ಒಟ್ಟು ಐದು ಲಕ್ಷದ ದೊಡ್ಡ ರಿಪೇರಿಗಳು ಬಂದರೆ ವರ್ಷಕ್ಕೆ ಒಂದು ಲಕ್ಷ. ಒಟ್ಟು ಐದು ಲಕ್ಷ, ಅಂದರೆ ಕಿಲೋಮೀಟರಿಗೆ ಐವತ್ತು ರೂಪಾಯಿ. ಹದಿನಾರು ಲಕ್ಷದ ಹೊಸ ಎಸ್‌ಯುವಿ ನಮ್ಮ ರಾಜ್ಯದ ಶೇ 17ರ ತೆರಿಗೆ, ಸೆಸ್ ಸೇರಿ ಹತ್ತೊಂಬತ್ತು ಲಕ್ಷವಾಗುತ್ತದೆ. ಐದು ವರ್ಷಕ್ಕೆ ಅರ್ಧ ಬೆಲೆ ಬಂದರೆ ಕುಸಿತ ವರ್ಷಕ್ಕೆ 1.9 ಲಕ್ಷ; ಪೆಟ್ರೋಲ್, ವಿಮೆ, ಸರ್ವಿಸ್, ಟೈರು ಎಲ್ಲ 1.4 ಲಕ್ಷದೊಳಗೆ ಮುಗಿಯುತ್ತವೆ. ಒಟ್ಟು 3.3 ಲಕ್ಷ. ಎರಡರ ಅಂತರ ವರ್ಷಕ್ಕೆ 1.7 ಲಕ್ಷ, ತಿಂಗಳಿಗೆ ಹದಿನಾಲ್ಕು ಸಾವಿರ.

‘ಅಷ್ಟೇ ತಾನೆ, ಹದಿನಾಲ್ಕು ಸಾವಿರಕ್ಕೆ ಇಷ್ಟು ಒಳ್ಳೆಯ ಕಾರು ದುಬಾರಿಯೆ?’ ಎಂದು ಇಂಥ ಕಾರಿನ ಪರ ಮಾತಾಡುವವರು ಕೇಳಬಹುದು. ದುಬಾರಿಯಲ್ಲ ಎಂದೇ ನಾನೂ ಒಪ್ಪುತ್ತೇನೆ. ಅತಿ ದೊಡ್ಡ ಕುಸಿತವನ್ನು ಮೊದಲ ಮಾಲೀಕರು ಹೊತ್ತಿದ್ದಾರೆ. ನಲವತ್ತು ಲಕ್ಷದಿಂದ ಹದಿನಾರಕ್ಕೆ ಇಳಿದ ಇಪ್ಪತ್ತನಾಲ್ಕು ಲಕ್ಷ, ಮೇಲೆ ಎಂಟು ಲಕ್ಷದ ತೆರಿಗೆ ಅವರ ಜೇಬಿನದು. ಎರಡನೆಯವರಿಗೆ ಸಿಗುವುದು ಆ ತ್ಯಾಗದ ಫಲವೇ. ಆದರೆ ಹದಿನಾಲ್ಕು ಸಾವಿರ ಎಂಬುದು ಸರಾಸರಿ. ಸರಾಸರಿ ಮೊಣಕಾಲುದ್ದದ ಹೊಳೆಯಲ್ಲೂ ಮಡುವಿರುತ್ತದೆ. ಎಸ್‌ಯುವಿಯ 3.3 ಲಕ್ಷದಲ್ಲಿ ದೊಡ್ಡ ಪಾಲು ಬೆಲೆ ಕುಸಿತ; ಮಾರುವ ದಿನದವರೆಗೆ ಅದು ಕೈಯಿಂದ ಹೋಗುವ ನಗದಲ್ಲ. ಹಳೆಯ ಕಾರಿನ ಐದು ಲಕ್ಷದಲ್ಲಿ ಮೂರೂವರೆ ಲಕ್ಷ ನಗದು, ಅದರಲ್ಲಿಯೂ ರಿಪೇರಿಯ ಪಾಲು ಹೇಳಿ ಕೇಳಿ ಬರುವುದಿಲ್ಲ. ಐದು ವರ್ಷದ ಐದು ಲಕ್ಷದಲ್ಲಿ ಮೂರು ಲಕ್ಷ ಮೊದಲ ಹತ್ತು ತಿಂಗಳಲ್ಲೇ ಬಂದರೆ, ಮತ್ತು ಕೈಯಲ್ಲಿ ಅಷ್ಟು ಇಲ್ಲದಿದ್ದರೆ, ಆಗ ಏನಾಗುತ್ತದೆ? ಕಾರು ಗ್ಯಾರೇಜಿನಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ, ಅಥವಾ ಅರೆಬರೆ ರಿಪೇರಿಯಾಗಿ ಮುಂದಿನ ದೊಡ್ಡ ರಿಪೇರಿಗೆ ಬೀಜವಾಗುತ್ತದೆ, ಅಥವಾ ಸಿಕ್ಕ ಬೆಲೆಗೆ ಕೈಬಿಟ್ಟು ಹೋಗುತ್ತದೆ. ಸಾಲ ಮಾಡಿ ಕೊಂಡಿದ್ದರೆ, ಹಳೆಯ ಕಾರಿನ ಸಾಲಕ್ಕೆ ಬಡ್ಡಿ ಹೊಸದಕ್ಕಿಂತ ಹೆಚ್ಚು, ಅದರ ಕಂತು ಓಡದ ಕಾರಿಗೂ ಓಡುತ್ತಲೇ ಇರುತ್ತದೆ.

ಇನ್ನೊಂದು ಆಕ್ಷೇಪ ಹೊರಗಿನ ಗ್ಯಾರೇಜಿನದು. ಕಂಪನಿ ಷೋರೂಮಿಗೆ ಹೋಗಬೇಕಾಗಿಯೇ ಇಲ್ಲ, ಅರ್ಧ ಖರ್ಚಿನಲ್ಲಿ ಮುಗಿಯುತ್ತದೆ ಎಂಬ ವಾದ. ಇದರಲ್ಲಿ ಸತ್ಯ ಬಹಳಷ್ಟಿದೆ. ಜರ್ಮನ್ ಕಾರುಗಳಿಗೆಂದೇ ನಿಂತ ಒಳ್ಳೆಯ ಗ್ಯಾರೇಜುಗಳು ಬೆಂಗಳೂರಿನಲ್ಲಿ ಬೆಳೆದಿವೆ. ಕಾರು ಕಂಪನಿಯ ಡಬ್ಬಿಯಲ್ಲಿ ಬರುವ ಎಷ್ಟೋ ಭಾಗಗಳನ್ನು ನಿಜವಾಗಿ ತಯಾರಿಸುವುದು ಬಾಷ್, ಮಾಲೆ, ಸಾಕ್ಸ್, ಲೆಮ್‌ಫೋರ್ಡರ್‌ನಂಥವರು. ಅದೇ ವಸ್ತು ಅವರದೇ ಡಬ್ಬಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಬಾಷ್‌ನದೇ ಆಗಿದ್ದ ಆಡುಗೋಡಿಯ ‘ಮೈಕೊ’ ಕಾರ್ಖಾನೆಯನ್ನು ಕಂಡು ಬೆಳೆದ ಊರಿಗೆ ಬಾಷ್ ಪರಕೀಯವೂ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದೂ ಎರಡನೆಯ ಮಾಲೀಕರ ಪರವಾದ ಸಂಗತಿ. ನನ್ನ ಪಟ್ಟಿಯಲ್ಲಿ ಹಿಡಿದ ಅಂಕಿಗಳು ಇಂಥ ಗ್ಯಾರೇಜಿನ ಮೇಲೆಯೇ ನಿಂತಿವೆ. ಷೋರೂಮಿನ ದರದಲ್ಲಿ ಅವು ಸಾಕಾಗುವುದಿಲ್ಲ. ಆದರೆ ಈ ಅನುಕೂಲ ಬೆಂಗಳೂರಿನದು. ಕಲಬುರಗಿಯಲ್ಲೋ ಕಾರವಾರದಲ್ಲೋ ಇರುವವರು ಸ್ಕ್ಯಾನರ್ ಹಿಡಿದು ತಪ್ಪು ಹುಡುಕಬಲ್ಲ ಮೆಕ್ಯಾನಿಕ್ಕಿಗಾಗಿ ಕಾರನ್ನು ಟ್ರಕ್ಕಿಗೆ ಹತ್ತಿಸಿ ಕಳಿಸಬೇಕು. ಆ ಖರ್ಚು ಯಾವ ಜಾಹೀರಾತಿನಲ್ಲೂ ಇರುವುದಿಲ್ಲ. ವಿಸ್ತರಿತ ವಾರಂಟಿಯ ಮಾತೂ ಹೀಗೆಯೇ. ಕಾರು ಕಂಪನಿಯ ವಾರಂಟಿ ಇನ್ನೂ ಉಳಿದಿರುವ ಕಾರು ಸಿಕ್ಕರೆ ಐವತ್ತು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಹೊರಗಿನವರು ಕೊಡುವ ವಾರಂಟಿಯಲ್ಲಿ ಸವೆಯುವ ಭಾಗಗಳೆಲ್ಲ ಹೊರಗೆ, ಕ್ಲೇಮಿಗೂ ಮಿತಿ. ಓದದೆ ಸಹಿ ಹಾಕಬಾರದು.

ಉಳಿದದ್ದು ಸಂತೋಷದ ವಾದ, ನಾನು ಗೌರವಿಸುವ ವಾದ. ಎಲ್ಲವನ್ನೂ ಕಿಲೋಮೀಟರಿಗೆ ಎಷ್ಟು ಎಂದು ಅಳೆಯುವುದಾದರೆ ಬಿಎಂಟಿಸಿ ಬಸ್ಸಿಗಿಂತ ಒಳ್ಳೆಯದಿಲ್ಲ. ಮುಂಜಾನೆ ಖಾಲಿ ರಸ್ತೆಯಲ್ಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿಯ ತಿರುವುಗಳಿಗೆ ಇಳಿಯುವಾಗ ಒಳ್ಳೆಯ ಸ್ಟಿಯರಿಂಗು, ಒಳ್ಳೆಯ ಬ್ರೇಕು ಕೊಡುವ ಸುಖ ಮತ್ತು ಭದ್ರತೆ ಎರಡೂ ದೊಡ್ಡವು. ಲಾರಿಯನ್ನು ಹಿಂದಿಕ್ಕುವಾಗ ಎದುರು ರಸ್ತೆಯಲ್ಲಿ ಮೂರು ಸೆಕೆಂಡು ಕಡಿಮೆ ಇರುವುದು ಜೀವದ ಪ್ರಶ್ನೆ. ಆದರೆ ಗರಿಷ್ಠ ವೇಗಕ್ಕಾಗಿ ಹಣ ಕೊಡುವವರು ಮರುಯೋಚಿಸಲಿ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮಿತಿ 100, ಕ್ಯಾಮೆರಾಗಳು ನೋಡುತ್ತಿರುತ್ತವೆ. ಗಂಟೆಗೆ 130 ದಾಟಿದರೆ ಎಫ್‌ಐಆರ್ ಎಂದು ರಾಜ್ಯದ ಪೊಲೀಸರು 2024ರ ಆಗಸ್ಟಿನಿಂದ ಹೇಳಿದ್ದಾರೆ, ಅದು ಸರಿಯಾದದ್ದೇ. ಚೆನ್ನೈ, ಕೊಯಮತ್ತೂರಿನ ಟ್ರ್ಯಾಕಿಗೆ ಕೊಂಡೊಯ್ಯಬಹುದು. ಆದರೆ ಸಾಮಾನ್ಯ ವಿಮೆ ರೇಸು, ವೇಗಪರೀಕ್ಷೆಗಳನ್ನು ಒಳಗೊಳ್ಳುವುದಿಲ್ಲ, ಪ್ಯಾಡು ಟೈರುಗಳು ಅಲ್ಲಿ ದಿನದ ಲೆಕ್ಕದಲ್ಲಿ ಸವೆಯುತ್ತವೆ. ಹಿಂದಿನ ಮಾಲೀಕರು ಇಂಜಿನ್ನಿನ ಕಂಪ್ಯೂಟರಿಗೆ ಹೊಸ ಪ್ರೋಗ್ರಾಮ್ ಹಾಕಿಸಿ ಶಕ್ತಿ ಏರಿಸಿದ್ದರೆ ಆ ಸಂತೋಷದ ಸವೆತವನ್ನು ನೀವು ಕೊಳ್ಳುತ್ತಿದ್ದೀರಿ ಎಂಬುದೂ ನೆನಪಿರಲಿ. ಸಂತೋಷಕ್ಕೆ ಬೆಲೆ ಕಟ್ಟಬಾರದೆಂದು ಹೇಳುವವರಿಗೆ ನನ್ನ ಉತ್ತರ ಇಷ್ಟೆ: ಡ್ಯಾಷ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿದಾಗಲೆಲ್ಲ ಎದೆ ಬಡಿದುಕೊಳ್ಳುವವರಿಗೆ ಆ ಕಾರಿನಲ್ಲಿ ಸಂತೋಷವೂ ಸಿಗುವುದಿಲ್ಲ. ಕೈಯಲ್ಲಿನ ಇಡುಗಂಟು ರಿಪೇರಿಯ ಜೊತೆಗೆ ಆ ಸುಖವನ್ನೂ ಕಾಯುತ್ತದೆ.

ಆದ್ದರಿಂದ ಟೋಕನ್ ಕೊಡುವ ಮೊದಲು ಹತ್ತು ಸಾವಿರ ರೂಪಾಯಿ ಖರ್ಚಾದರೂ ಸರಿ, ಮಾರುವವರಿಗೆ ಸಂಬಂಧವಿಲ್ಲದ ಗ್ಯಾರೇಜಿನಲ್ಲಿ ಕಾರನ್ನು ಲಿಫ್ಟಿಗೇರಿಸಿ ಕೆಳಗಿನಿಂದ ನೋಡಿಸಿ. ಗೇರ್‌ಬಾಕ್ಸು ಮತ್ತು ಇತರ ಘಟಕಗಳಲ್ಲಿ ದಾಖಲಾದ ಕಿಲೋಮೀಟರನ್ನು ಮೀಟರಿನ ಅಂಕಿಯೊಡನೆ ಹೋಲಿಸಲು ಹೇಳಿ. ಟೈರಿನ ಮೇಲಿನ ನಾಲ್ಕಂಕಿ ನೋಡಿ. 2321 ಎಂದಿದ್ದರೆ ಅದು 2021ರ 23ನೇ ವಾರದ್ದು. ನಾಲ್ಕೂ ಟೈರು ನಾಲ್ಕು ಕಂಪನಿಯದಾಗಿದ್ದರೆ ಹಿಂದಿನವರು ಉಳಿದ ಕಡೆಯೂ ಹಾಗೆಯೇ ಉಳಿಸಿದ್ದಾರೆಂದು ತಿಳಿಯಿರಿ. ಗೇರ್‌ಬಾಕ್ಸ್ ಎಣ್ಣೆ ಬದಲಿಸಿದ ಬಿಲ್ಲು ಕೇಳಿ, ಬಾಯಿಮಾತು ಸಾಲದು. ವಿಮೆಯ ಕ್ಲೇಮುಗಳ ಇತಿಹಾಸ ಕೇಳಿ. ಸಾಲ ತೀರಿದೆಯೇ, ಎಷ್ಟನೇ ಮಾಲೀಕರು ಎಂಬುದನ್ನು ಸರ್ಕಾರದ ‘ವಾಹನ್’ ನೋಂದಣಿ ದಾಖಲೆಯಲ್ಲಿ ನೀವೇ ನೋಡಿ. ಆಮೇಲೆ ಹಣದ ಲೆಕ್ಕ. ಕಾರಿನ ಬೆಲೆಯ ಕಾಲುಭಾಗದಷ್ಟಾದರೂ ಹಣ, ಕೊಂಡ ಮರುದಿನವೂ, ಬೇರೆ ಯಾವುದಕ್ಕೂ ಮುಟ್ಟದೆ ನಿಮ್ಮ ಖಾತೆಯಲ್ಲಿ ಉಳಿಯುವುದಾದರೆ ಧೈರ್ಯವಾಗಿ ಕೊಳ್ಳಿ. ಅಷ್ಟು ಒಳ್ಳೆಯ ಕಾರು ಆ ಬೆಲೆಗೆ ಹೊಸದರಲ್ಲಿ ಸಿಗುವುದಿಲ್ಲ. ಕೈಯಲ್ಲಿರುವುದು ಹದಿನಾರು ಲಕ್ಷ ಮಾತ್ರ ಎಂದಾದರೆ ಹನ್ನೆರಡೂವರೆ ಲಕ್ಷದ ಕಾರನ್ನು ನೋಡಿ, ಉಳಿದ ಮೂರೂವರೆ ಲಕ್ಷವನ್ನು ಕಾರಿನ ಹೆಸರಿನಲ್ಲೇ ಬ್ಯಾಂಕಿನಲ್ಲಿಡಿ.